ಸೂಜಿಯ ಹೊತ್ತು, ಮೀಟರಿನ ಹೊತ್ತು

ನಮ್ಮ ಮನೆಯಲ್ಲಿ ಸಂಜೆ ದೀಪ ಹಚ್ಚುತ್ತಿಲ್ಲ ಎಂಬ ಸುದ್ದಿ ನನಗೆ ತಿಳಿದದ್ದು ಬಸ್ಸಿನಲ್ಲಿ.

ಬೆಳಗಿನ ಬಸ್ಸು. ನಾನು ಕಲಿಸುವ ಹೈಸ್ಕೂಲು ನವಲಗುಂದದಿಂದ ಒಂದಷ್ಟು ದೂರದ ಹಳ್ಳಿಯಲ್ಲಿದೆ. ಪಕ್ಕದ ಸೀಟಿನಲ್ಲಿ ನಮ್ಮ ಓಣಿಯ ನಿರ್ಮಲಾ ಕೂತಿದ್ದರು. ಅವರು ಟಿಕೆಟ್ ತೆಗೆಸಿ, ಪರ್ಸ್ ಒಳಗಿಟ್ಟು, ಕಿಟಕಿಯಾಚೆಯ ಹತ್ತಿ ಹೊಲ ನೋಡಿ, ಕೊನೆಗೆ ಗಂಟಲು ಸರಿಮಾಡಿಕೊಂಡರು.

"ಟೀಚರ್, ಮನ್ಯಾಗ ಎಲ್ಲಾ ಆರಾಮ ಐತಿಲ್ರಿ?"

"ಆರಾಮ ಐತ್ರಿ. ಯಾಕ್ರಿ?"

"ಏನಿಲ್ರಿ, ಹಂಗ ಕೇಳಿದೆ. ಸಂಜಿಮುಂದ ನಿಮ್ಮ ಮನ್ಯಾಗ ದೀಪಾನ ಹಚ್ಚಂಗಿಲ್ಲಂತ. ಓಣ್ಯಾಗ ಮಂದಿ ಮಾತಾಡಾಕತ್ತಾರ. ನಾ ಅಂದಿಲ್ರಿ ಮತ್ತ."

(ಓಣಿಯ ಮಾತಿನ ಲಕ್ಷಣವೇ ಇದು. ಎಲ್ಲರೂ ಆಡುತ್ತಾರೆ, ಯಾರೂ ಅಂದಿರುವುದಿಲ್ಲ.)

ನಮ್ಮ ಕಡೆ ದೀಪ ಹಚ್ಚುವ ಹೊತ್ತಿಗೆ ಮನೆ ಕತ್ತಲಾಗಿರಬಾರದು. ಮುಂಬಾಗಿಲು ತೆರೆದಿರಬೇಕು, ದೇವರ ಮುಂದೆ ದೀಪ ಉರಿಯುತ್ತಿರಬೇಕು, ಪಡಸಾಲೆಯಲ್ಲಿ ಬೆಳಕಿರಬೇಕು. ಆ ಹೊತ್ತಿನಲ್ಲಿ ಒಂದು ಮನೆ ಕತ್ತಲಾಗಿದ್ದರೆ ಓಣಿಗೆ ಎರಡೇ ಅರ್ಥ ಹೊಳೆಯುತ್ತವೆ. ಒಂದೋ ಮನೆಯಲ್ಲಿ ಯಾರಿಗೋ ಏನೋ ಆಗಿದೆ, ಇಲ್ಲವೇ ಯಾರೋ ಯಾರ ಮೇಲೋ ಮುನಿಸಿಕೊಂಡಿದ್ದಾರೆ. ನಮ್ಮ ಮನೆಯವರೆಲ್ಲ ಗಟ್ಟಿಮುಟ್ಟಾಗಿ ಓಡಾಡುತ್ತಿರುವುದು ಕಾಣುತ್ತಿದ್ದುದರಿಂದ ಓಣಿ ಎರಡನೆಯದನ್ನು ಆರಿಸಿಕೊಂಡಿತ್ತು.

ನಿರ್ಮಲಾ ದನಿ ಇಳಿಸಿ ಇನ್ನೊಂದು ಮಾತು ಸೇರಿಸಿದರು. "ನೀವು ಮನ್ಯಾಗ ಇದ್ದ ದಿನ ಹಚ್ಚತಾರಂತ್ರಿ. ನೀವಿಲ್ಲದ ದಿನ ಇಲ್ಲಂತ."

ಅಂದರೆ ಅತ್ತೆ ಸೊಸೆ ಜಗಳ! ವಿಚಾರಣೆ ಮುಗಿದು ತೀರ್ಪೂ ಆಗಿಹೋಗಿತ್ತು, ಅಪರಾಧಿ ನಾನೇ.

ಆದರೆ ನನಗೆ ನಂಬಿಕೆ ಬರಲಿಲ್ಲ. ನಮ್ಮ ಅತ್ತೆ ಗೌರವ್ವನವರಿಗೆ ಸಿಟ್ಟು ಬಂದರೆ ಅದು ಓಣಿಯ ಆ ತುದಿಗೆ ಕೇಳಿಸುತ್ತದೆ. ದೀಪ ಹಚ್ಚದೆ, ಮಾತಾಡದೆ ಮುನಿಸು ತೋರಿಸುವ ತಾಳ್ಮೆ ಅವರಿಗೆ ದೇವರು ಕೊಟ್ಟೇ ಇಲ್ಲ. ಹಾಗಾದರೆ ಏನಿದು?

ಇಲ್ಲಿ ನಿಮಗೆ ನಮ್ಮ ಮನೆಯ ಹೊಸ ಮೀಟರಿನ ಕಥೆ ಹೇಳಬೇಕು.

ಹಳೆಯ ಮೀಟರಿಗೆ ಯೂನಿಟ್ ಅಂದರೆ ಯೂನಿಟ್. ಯಾವಾಗ ಸುಟ್ಟಿರಿ ಎಂದು ಅದು ಕೇಳುತ್ತಿರಲಿಲ್ಲ. ಹೊಸದು ಗಡಿಯಾರ ನೋಡುತ್ತದೆ. ಬಿಸಿಲು ಹೊತ್ತಿನ ಕರೆಂಟ್ ಸೋವಿ, ಸಂಜೆಯ ಕರೆಂಟ್ ತುಟ್ಟಿ. (ಸೋವಿ ಎಂದರೆ ಅಗ್ಗ. ನಮ್ಮಲ್ಲಿ ಅಗ್ಗ ಎಂದರೆ ಯಾರೂ ಕೊಳ್ಳುವುದಿಲ್ಲ, ಸೋವಿ ಎಂದರೆ ಓಡಿ ಬರುತ್ತಾರೆ.) ಕಾರಣ ಸರಳ. ಹಗಲು ಸೋಲಾರ್ ಕರೆಂಟ್ ಧಾರಾಳವಾಗಿ ಬರುತ್ತದೆ. ಸಂಜೆ ಊರಿಗೆ ಊರೇ ಒಟ್ಟಿಗೆ ಸ್ವಿಚ್ ಒತ್ತುತ್ತದೆ. ಸಂತೆಗೆ ಮಾಲು ಹೆಚ್ಚು ಬಂದ ದಿನ ಬದನೆಕಾಯಿ ರೇಟು ಇಳಿಯುವುದಿಲ್ಲವೇ? ಹಾಗೆಯೇ.

(ಪುಕ್ಕಟೆ ಯೂನಿಟ್ ಇದೆಯಲ್ಲ, ನಿಮಗೇಕೆ ಬಿಲ್ಲಿನ ಚಿಂತೆ ಎಂದು ಕೇಳಬೇಡಿ. ಆ ಗೆರೆಯನ್ನು ನಾವು ಎಂದೋ ದಾಟಿದ್ದೇವೆ. ನೀರಿನ ಮೋಟರು, ಬಟ್ಟೆ ಒಗೆಯುವ ಮಷೀನು, ಅತ್ತೆಗೆ ಮೊಣಕಾಲು ನೋವು ಎಂದು ತಂದ ಮನೆ ಗಿರಣಿ, ಎಲ್ಲ ಸೇರಿ ದಾಟಿಸಿವೆ.)

ನಮ್ಮ ಯಜಮಾನರು ಬಸವರಾಜ ಅವರಿಗೆ ಉಳಿತಾಯ ಎಂಬ ಶಬ್ದ ಕಿವಿಗೆ ಬಿದ್ದರೆ ಸಾಕು, ಮುಖ ಅರಳುತ್ತದೆ. ಹುಬ್ಬಳ್ಳಿಯ ಕಚೇರಿಯಲ್ಲಿ ಯಾರೋ ಈ ಲೆಕ್ಕ ತಿಳಿಸಿದ್ದರು. ಅಂದು ಊಟಕ್ಕೆ ಕೂತಾಗ ಘೋಷಣೆ ಆಯಿತು.

"ಇನ್ ಮ್ಯಾಲ ಮೋಟರ್, ಬಟ್ಟಿ ಮಷೀನ್, ಗಿರಣಿ, ಇಸ್ತ್ರಿ, ಎಲ್ಲಾ ಮಧ್ಯಾಹ್ನ. ಸಂಜಿಮುಂದ ಒಂದೂ ಹಚ್ಚೂದಿಲ್ಲ."

"ಮಧ್ಯಾಹ್ನ ನಾವಿಬ್ಬರೂ ಮನ್ಯಾಗ ಇರಂಗಿಲ್ಲಲ್ರಿ?" ಅಂದೆ.

"ಅವ್ವ ಇರತಾಳಲ್ಲ. ಹೆಂಗೂ ಸುಮ್ನ ಕುಂತಿರತಾಳ."

ಈ ಕೊನೆಯ ಮಾತನ್ನು ಗಮನಿಸಿ. ಅಂದು ನಾನು ಗಮನಿಸಲಿಲ್ಲ. ಅತ್ತೆಯೂ ಏನೂ ಅನ್ನಲಿಲ್ಲ. ಅನ್ನುವುದಿರಲಿ, ಖುಷಿಯಾದರು. ಅವರಿಗೆ ಮಷೀನೆಂದರೆ ಇಷ್ಟ. ಬಟನ್ ಒತ್ತಿದರೆ ಅದು ಹಾಡುವುದು, ದೀಪ ಮಿನುಗಿಸುವುದು, ಎಲ್ಲ ಇಷ್ಟ. ಮಗ ಮಧ್ಯಾಹ್ನ ಕಚೇರಿಯಿಂದ ಫೋನ್ ಮಾಡಿ "ಅವ್ವಾ, ಮೋಟರ್ ಹಾಕಿದೇನು?" ಎಂದು ಕೇಳುವುದಂತೂ ಇನ್ನೂ ಇಷ್ಟ. ನಾವು ಅವರಿಗೆ ಕರೆಂಟ್ ಮಂತ್ರಿ ಎಂದು ಹೆಸರಿಟ್ಟೆವು.

ಬಿಲ್ ಇಳಿಯಿತು. ನಿಜಕ್ಕೂ ಇಳಿಯಿತು! ಯಜಮಾನರು ಬೀಗರ ಮನೆಯ ಸೀಮಂತದ ಊಟದಲ್ಲಿ ಎಲ್ಲರೆದುರು ತಾಯಿಯನ್ನು ಹೊಗಳಿದರು. "ನಮ್ಮವ್ವ ಬಿಲ್ ಹೆಂಗ ಇಳಿಸ್ಯಾಳ ನೋಡ್ರಿ, ಕಲಿತವರ ಕೈಲಿ ಆಗಂಗಿಲ್ಲ." ಅತ್ತೆ ಸೆರಗು ಸರಿಮಾಡಿಕೊಂಡು ನಕ್ಕರು. ನಾನೂ ಸ್ಟಾಫ್‌ರೂಮಿನಲ್ಲಿ ಭಾಷಣ ಬಿಗಿದೆ. ಇಷ್ಟಕ್ಕೂ ನನಗೆ ನಷ್ಟ ಏನಿತ್ತು? ಸಂಜೆ ಮನೆಗೆ ಬಂದರೆ ಬಟ್ಟೆ ಮಡಚಿಟ್ಟಿರುತ್ತಿತ್ತು. ಸೀರೆಗೆ ಇಸ್ತ್ರಿ ಆಗಿರುತ್ತಿತ್ತು. ಡಬ್ಬಿಯಲ್ಲಿ ಜೋಳದ ಹಿಟ್ಟು ತುಂಬಿರುತ್ತಿತ್ತು. ಇಷ್ಟು ಸುಖ ಕೊಡುವ ಮೀಟರನ್ನು ಯಾವ ಸೊಸೆ ಬೈದಾಳು?

ಮತ್ತೆ ದೀಪದ ವಿಷಯಕ್ಕೆ ಬರೋಣ. ಬಸ್ಸಿನಲ್ಲಿ ಕೇಳಿದ್ದನ್ನು ಅಂದೇ ಯಜಮಾನರಿಗೆ ಹೇಳಿದೆ. ಅವರು ತೊಡೆ ತಟ್ಟಿಕೊಂಡರು.

"ಅವ್ವಗ ತಿಳದದ್ದು ನಿನಗ ತಿಳೀಲಿಲ್ಲ ನೋಡು! ಸಂಜಿ ಅಂದ್ರ ತುಟ್ಟಿ ಹೊತ್ತು. ಒಂದ್ ಬಲ್ಬ್ ಸೈತ ಹಾಕಂಗಿಲ್ಲ ನಮ್ಮವ್ವ. ಓಣಿ ಮಂದಿಗೆ ಏನ್ ಗೊತ್ತು?"

ಹೌದಲ್ಲ, ಅನ್ನಿಸಿತು. ಸಮಾಧಾನವೂ ಆಯಿತು. ಕೈಕಾಲು ತೊಳೆದು ದೇವರ ಮುಂದೆ ನಿಂತಾಗ ಮಾತ್ರ ಆ ಸಮಾಧಾನ ಆರಿಹೋಯಿತು. ದೇವರ ಮುಂದಿನದು ಎಣ್ಣೆ ದೀಪ. ಅದಕ್ಕೆ ಯಾವ ಮೀಟರು? ಅದಕ್ಕೆಲ್ಲಿಯ ತುಟ್ಟಿ ಹೊತ್ತು?

ಮರುದಿನ ಅರ್ಧ ದಿನದ ರಜೆ ಹಾಕಿದೆ. (ವರ್ಷಕ್ಕೆ ಸಿಗುವ ರಜೆಯೇ ನಾಲ್ಕು ಮತ್ತೊಂದು. ಅದರಲ್ಲಿ ಅರ್ಧ ಪತ್ತೇದಾರಿಕೆಗೆ ಹೋಯಿತು.) ಬಸ್ಸು ನಡುದಾರಿಯಲ್ಲಿ ಕೆಟ್ಟು ನಿಂತು ಮಧ್ಯಾಹ್ನವನ್ನೆಲ್ಲ ನುಂಗಿತು. ಓಣಿಗೆ ಕಾಲಿಟ್ಟಾಗ ಹೊತ್ತು ಮುಳುಗಿತ್ತು, ಆದರೂ ದಿನಾ ಬರುವುದಕ್ಕಿಂತ ಬೇಗ. ಎಲ್ಲ ಮನೆಗಳಲ್ಲೂ ಬೆಳಕು ಬಿದ್ದಿತ್ತು, ನಮ್ಮದೊಂದನ್ನು ಬಿಟ್ಟು.

ನಮ್ಮ ಕಟ್ಟೆಯ ತುದಿಯಲ್ಲಿ, ಪಡುವಣದ ಬೆಳಕು ಕೊನೆಗೆ ಬಿಟ್ಟು ಹೋಗುವ ಜಾಗದಲ್ಲಿ, ಅತ್ತೆ ಕೂತಿದ್ದರು. ಮಡಿಲಲ್ಲಿ ಹಳೆಯ ಸೀರೆಯ ಪದರ ಸೇರಿಸಿ ಅರ್ಧ ಹೊಲಿದ ಕೌದಿ. ಸೂಜಿ ಮೂಗಿಗೆ ತಾಗುವಷ್ಟು ಹತ್ತಿರ.

"ಅತ್ತ್ಯಾರ!"

ಅವರು ಹೌಹಾರಿ ಕೌದಿಯನ್ನು ಬೆನ್ನ ಹಿಂದೆ ತಳ್ಳಿದರು. "ಅಯ್ಯ! ಇವತ್ತ್ಯಾಕ ಲಗೂನ ಬಂದಿ? ತಡಿ, ದೀಪ ಹಚ್ಚತೇನಿ."

ಆಗ ನನಗೆ ತಿಳಿಯಿತು. ದೀಪ ಹಚ್ಚಿದ ಮೇಲೆ ಸೂಜಿ ಹಿಡಿಯಬಾರದು. ನಮ್ಮ ಮನೆಯಲ್ಲಿ ಇದು ಸಣ್ಣ ನಿಯಮವಲ್ಲ. ಸಂಜೆಯ ಮೇಲೆ ಸೂಜಿ ಕೇಳುವುದಿಲ್ಲ, ಕೊಡುವುದಿಲ್ಲ. ಗುಂಡಿ ಕಿತ್ತರೂ ಬೆಳಗಾಗುವವರೆಗೆ ಕಾಯಬೇಕು. ಈ ನಿಯಮವನ್ನು ನನಗೆ ಕಲಿಸಿದವರೇ ಅತ್ತೆ. ಅವರು ಅದನ್ನು ಮುರಿದಿರಲಿಲ್ಲ. ದೀಪ ಹಚ್ಚಿದ ಮೇಲೆ ತಾನೇ ಹೊಲಿಯಬಾರದು? ಹಾಗಾದರೆ ದೀಪವನ್ನೇ ಹಚ್ಚದಿದ್ದರೆ?

ನನಗೆ ನಗು ತಡೆಯಲಾಗಲಿಲ್ಲ. ಧಾರವಾಡದ ಯಾವ ವಕೀಲರಿಗೆ ಹೊಳೆದೀತು ಇಂಥ ದಾರಿ? ಅವರೂ ನಕ್ಕರು, ಸ್ವಲ್ಪ ನಾಚಿಕೆಯಿಂದ. ಆಮೇಲೆ ಅವರ ಬೆರಳು ನೋಡಿದೆ. ತುದಿಯೆಲ್ಲ ಸೂಜಿ ಚುಚ್ಚಿ ಚುಚ್ಚಿ ಕೆಂಪಾಗಿತ್ತು. ನನ್ನ ನಗು ನಿಂತಿತು.

ಈ ಕೌದಿ ಯಾರಿಗೆ ಎಂದು ನನಗೆ ಗೊತ್ತಿತ್ತು. ನಮ್ಮ ಬಾಜು ಮನೆಯ ಖಾತೂನ್‌ಬಿ ಜಮಖಾನೆ ನೇಯುವವರು. ಅವರೂ ಅತ್ತೆಯೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಈ ಓಣಿಗೆ ಸೊಸೆಯಾಗಿ ಬಂದವರು. ಖಾತೂನ್‌ಬಿಯ ಮಗಳು ಶಬಾನಾ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಾಳೆ, ದಿನ ತುಂಬಿವೆ. ಹುಟ್ಟುವ ಕೂಸು ಮೊದಲು ಮಲಗಬೇಕಾದದ್ದು ಹಿರಿಯ ಜೀವ ಉಟ್ಟು ಸವೆದ ಸೀರೆಯ ಕೌದಿಯ ಮೇಲೆ. ಅದು ನಮ್ಮ ಓಣಿಯ ರೂಢಿ, ಅದಕ್ಕೆ ಜಾತಿ ಧರ್ಮ ಏನೂ ಅಡ್ಡ ಬಂದಿಲ್ಲ. ಕೂಸಿನ ಕೌದಿ ನನ್ನದು ಎಂದು ಅತ್ತೆ ಮಾತು ಕೊಟ್ಟಿದ್ದರು. ನಮ್ಮ ಯಜಮಾನರ ತೊಟ್ಟಿಲ ದಿನ ತಾವು ಉಟ್ಟಿದ್ದ ಇಳಕಲ್ ಸೀರೆಯನ್ನು ಟ್ರಂಕಿನಿಂದ ತೆಗೆದು ಕತ್ತರಿಸಿದ್ದರು.

ಕೊಟ್ಟ ಮಾತು. ತುಂಬಿದ ದಿನ. ಮುಗಿಯದ ಕೌದಿ.

"ಮಧ್ಯಾಹ್ನ ಹೊಲೀಬಾರದೇನ್ರಿ ಮತ್ತ?" ಎಂದು ಕೇಳಿದೆ. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

"ಮಧ್ಯಾಹ್ನ ಎಲ್ಲೈತಿ ಯವ್ವಾ ನನಗ?" ಅಂದರು ಅತ್ತೆ. ಸಿಟ್ಟಿರಲಿಲ್ಲ. ಉಪ್ಪು ತೀರಿದೆ ಎಂದು ಹೇಳುವ ದನಿ ಅದು. "ಒಂದ್ ಸಾಲು ಹಾಕೂದ್ರಾಗ ಮೋಟರ್ ಆರಸೂ ಹೊತ್ತು. ಮತ್ತ ಕುಂತ್ನಿ ಅಂದ್ರ ಬಟ್ಟಿ ಮಷೀನ್ ಕೂಗತೈತಿ. ಗಿರಣಿ ಹಚ್ಚಿದ್ರ ಅದರ ಮುಂದ ನಿಂದ್ರಬೇಕು. ಇಸ್ತ್ರಿ ಬಿಟ್ಟು ಏಳಾಕ ಬರಂಗಿಲ್ಲ. ಬಿಸಲು ಇಳದ ಮ್ಯಾಲ ಕೈ ಬಿಡುವು ಆಗತೈತಿ. ಅಷ್ಟ್ರಾಗ ದೀಪ ಹಚ್ಚೂ ಹೊತ್ತು."

ಸದ್ದು ಕೇಳಿ ಖಾತೂನ್‌ಬಿ ತಮ್ಮ ಬಾಗಿಲಿಗೆ ಬಂದರು. "ನಾ ಹೇಳಿದ್ನಿರಿ ಟೀಚರ್. ಕೌದಿ ಬಿಡು ಗೌರಕ್ಕಾ, ಕೂಸಿನ್ನ ನನ್ನ ಜಮಖಾನಿ ಮ್ಯಾಲ ಮಲಗಸೋಣು ಅಂತ. ಕೇಳಬೇಕಲ್ರಿ?"

"ಜಮಖಾನಿ ಮಂದಿ ಕುಂದರಾಕ ಅದಾವ. ಎಳೀ ಕೂಸಿನ ಬೆನ್ನಿಗಲ್ಲ," ಅತ್ತೆ ಅಲ್ಲಿಂದಲೇ ಗದರಿದರು.

"ಎಲ್ಲಾರೂ ಬಂದು ಕೈ ಹಚ್ಚತಿದ್ರಲ್ರಿ, ಈಗ ಯಾಕ ಬರವಲ್ರು?" ಎಂದೆ. ಹಿಂದೆಲ್ಲ ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ಓಣಿಯ ಹೆಣ್ಣುಮಕ್ಕಳು ಕೌದಿಯ ಸುತ್ತ ಕೂತು ಹೊಲಿಯುತ್ತಿದ್ದರು. ಹೊಲಿಗೆಗಿಂತ ಮಾತೇ ಹೆಚ್ಚು, ಆದರೂ ಕೌದಿ ಮುಗಿಯುತ್ತಿತ್ತು.

ಖಾತೂನ್‌ಬಿ ಅತ್ತೆಯ ಮುಖ ನೋಡಿ, ಆಮೇಲೆ ನನಗೆ ಹೇಳಿದರು. "ಗಿರಣಿ ಸಪ್ಪಳದಾಗ ನಮ್ಮ ಮಾತು ನಮಗ ಕೇಳಂಗಿಲ್ರಿ. ಗೌರಕ್ಕನೂ ಕುಂತಲ್ಲೆ ಕುಂದರಂಗಿಲ್ಲ, ಎದ್ದು ಎದ್ದು ಒಳಗ ಓಡತಾಳ. ನಾವು ಬಂದು ಕುಂತ್ರ ಆಕೀಗೆ ತ್ರಾಸ ಅಂತ ಬಿಟ್ಟೇವ್ರಿ."

ನಾನು ಕೌದಿ ಬಿಡಿಸಿ ನೋಡಿದೆ. ಒಂದು ಭಾಗ ನೆಟ್ಟಗೆ, ಇನ್ನೊಂದು ಭಾಗದಲ್ಲಿ ಬರೀ ಸೂಜಿಯ ತೂತು. ಸಂಜೆಗತ್ತಲಲ್ಲಿ ಹಾಕಿದ ಸಾಲನ್ನು ಮುಂಜಾನೆ ನೋಡಿದರೆ ಹಾವು ಹರಿದ ಹಾಗಿರುತ್ತಿತ್ತಂತೆ. ಬಿಚ್ಚಿ ಮತ್ತೆ ಸಂಜೆಗೆ ಕಾಯುತ್ತಿದ್ದರಂತೆ. ಮುಂಜಾನೆ ನಮ್ಮಿಬ್ಬರ ಬುತ್ತಿ, ರೊಟ್ಟಿ, ಪಲ್ಯ. ಆಮೇಲೆ ಮೀಟರಿನ ಹೊತ್ತು. ಬೆಳಕಿರುವ ಹೊತ್ತೆಲ್ಲ ಮೀಟರಿಗೇ ಹೋಗಿತ್ತು.

"ನಮಗ ಒಂದ್ ಮಾತು ಹೇಳಬಾರದೇನ್ರಿ ಅತ್ತ್ಯಾರ?"

"ಹೇಳಿದ್ರ ಏನಂತಿದ್ರಿ? ಕೌದಿ ಯಾಕಬೇ, ಅಂಗಡ್ಯಾಗ ಮೆತ್ತನ್ನೂ ಬ್ಲ್ಯಾಂಕೆಟ್ ಸಿಗತಾವ, ತರತೇನಿ ಅಂತಿದ್ದ ಬಸೂ. ಸೀಮಂತದಾಗ ಅಷ್ಟು ಮಂದಿ ಮುಂದ ಹೊಗಳ್ಯಾನ. ಈಗ ಒಲ್ಲೆ ಅಂದ್ರ ಏನ್ ಚೆಂದ?"

ಹೌದು, ಹಾಗೇ ಅನ್ನುತ್ತಿದ್ದರು. ಅವರು ಅನ್ನದಿದ್ದರೆ ನಾನು ಅನ್ನುತ್ತಿದ್ದೆ. ಆನ್‌ಲೈನ್‌ನಲ್ಲಿ ಹುಡುಕಿ ಆರ್ಡರನ್ನೂ ಮಾಡುತ್ತಿದ್ದೆ. ನನಗೆ ನಿಜಕ್ಕೂ ಸಂಕಟವಾಯಿತು. ಕೆಲಸ ಹೆಚ್ಚಾಯಿತೆಂದಲ್ಲ. ಗೆಳತಿಯರು ಬರುವುದು ನಿಂತರೂ, ಬೆರಳು ತೂತಾದರೂ, ಹೊಗಳಿಕೆಯ ಭಾರಕ್ಕೆ ಬಾಯಿ ಬಿಡಲಾಗದೆ ಕೂತರಲ್ಲ, ಅದಕ್ಕೆ. ಬೈದರೆ ತಿರುಗಿ ಬೈಯುವ ಹೆಂಗಸು ಹೊಗಳಿದ್ದಕ್ಕೆ ಸಿಕ್ಕಿಬಿದ್ದಿದ್ದರು.

ರಾತ್ರಿ ಊಟದ ಹೊತ್ತಿಗೆ ಯಜಮಾನರಿಗೆ ಎಲ್ಲ ಹೇಳಿದೆ. ಅವರು ಮೊದಲು ವಾದಿಸಿದರು. (ಗಂಡಸರು ಮೊದಲು ವಾದಿಸುತ್ತಾರೆ, ಸಂಜೆ ದೀಪ ಹಚ್ಚಿದಷ್ಟೇ ತಪ್ಪದ ಕ್ರಮ ಅದು.)

"ಬಟನ್ ಒತ್ತೂದು ಅಷ್ಟ ಅಲ್ಲೇನು? ಕೆಲಸ ಮಷೀನ್ ಮಾಡತೈತಿ."

"ಹಂಗಾರ ಮಷೀನ್‌ಗೆ ಫೋನ್ ಮಾಡ್ರಿ. ಅತ್ತ್ಯಾರಿಗೆ ಯಾಕ ಮಾಡತೀರಿ?" ಅಂದೆ.

ಅತ್ತೆ ರೊಟ್ಟಿ ಬಡಿಸಲು ಕೈ ಚಾಚಿದರು. ಯಜಮಾನರು ರೊಟ್ಟಿ ತೆಗೆದುಕೊಳ್ಳುವ ಬದಲು ಆ ಕೈ ಹಿಡಿದು ಬೆರಳು ನೋಡಿದರು. "ಇದೇನಬೇ ಇದು?" ಎಂದವರು ರೊಟ್ಟಿಯ ಬುಟ್ಟಿಯನ್ನು ತಮ್ಮ ಕಡೆ ಎಳೆದುಕೊಂಡು ತಾವೇ ಅವ್ವನ ತಾಟಿಗೆ ಬಡಿಸಿದರು.

ಮರುದಿನದಿಂದ ವ್ಯವಸ್ಥೆ ಬದಲಾಯಿತು. ಮೋಟರಿಗೆ ತಾನೇ ಆರುವ ಪೆಟ್ಟಿಗೆ ಕೂಡಿಸಿದೆವು, ಅದು ಬಿಸಿಲು ಹೊತ್ತಿನಲ್ಲೇ ಓಡುತ್ತದೆ, ಯಾರೂ ಏಳಬೇಕಿಲ್ಲ. ಗಿರಣಿ ನಮ್ಮ ಕಣ್ಣೆದುರು, ಮುಂಜಾನೆ. ಬಟ್ಟೆ ಮತ್ತು ಇಸ್ತ್ರಿ ಭಾನುವಾರದ ಸೋವಿ ಹೊತ್ತಿಗೆ, ಅದೂ ಯಜಮಾನರ ಕೈಯಿಂದ. ಮೊದಲ ದಿನವೇ ತಮ್ಮ ಅಂಗಿಯ ತೋಳಿಗೆ ಇಸ್ತ್ರಿಪೆಟ್ಟಿಗೆಯ ಗುರುತು ಹಾಕಿಕೊಂಡರು. ಉಳಿತಾಯದ ಗುರುತು ಎಂದು ತೋರಿಸುತ್ತ ತಿರುಗುತ್ತಾರೆ.

ಆ ಭಾನುವಾರ ಪಡಸಾಲೆ ತುಂಬಿತು. ಓಣಿಯ ಹೆಣ್ಣುಮಕ್ಕಳೆಲ್ಲ ಕೌದಿಯ ಸುತ್ತ ಕೂತರು. ಬಸ್ಸಿನ ನಿರ್ಮಲಾ ಕೂಡ ಬಂದು, ಏನೂ ಗೊತ್ತಿಲ್ಲದವರಂತೆ ಸೂಜಿಗೆ ದಾರ ಪೋಣಿಸಿದರು. ಬರದವರು ಖಾತೂನ್‌ಬಿ ಒಬ್ಬರೇ. ನಸುಕಿನಲ್ಲೇ ಶಬಾನಾಳಿಗೆ ನೋವು ಶುರುವಾಗಿ ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದೊಯ್ದಿದ್ದರು. ಹಾಗಾಗಿ ಅಂದು ಮಾತು ಕಡಿಮೆ, ಕೈ ಜೋರು. ಸೂಜಿ ಹಿಡಿದು ಗೊತ್ತಿಲ್ಲದ ನನಗೂ ಒಂದು ಸಾಲು ಕೊಟ್ಟರು. ಅದು ಸಂಜೆಗತ್ತಲಲ್ಲಿ ಅತ್ತೆ ಹಾಕಿದ್ದಕ್ಕಿಂತ ಡೊಂಕಾಗಿ ಬಂತು.

ನಡುವೆ ಒಳಗಿನಿಂದ ಬಟ್ಟೆ ಮಷೀನು ಕೂಗತೊಡಗಿತು. ಯಜಮಾನರು ಕಟ್ಟೆಯ ಮೇಲೆ ಮೊಬೈಲ್ ನೋಡುತ್ತ ಕೂತಿದ್ದರು. ಅತ್ತೆ ಸೂಜಿಯಿಂದ ಕಣ್ಣೆತ್ತಲಿಲ್ಲ.

"ಏ ಬಸೂ! ಮಷೀನ್ ಕೂಗಾಕತ್ತೈತಿ ನೋಡಪಾ. ಹೆಂಗೂ ಸುಮ್ನ ಕುಂತೀಯಲ್ಲ!"

ಪಡಸಾಲೆ ಹಾರಿ ಹೋಗುವಂತೆ ನಗು. ಯಜಮಾನರು ಎದ್ದು ಒಳಗೆ ಹೋದರು.

ಕೊನೆಯ ಮೂಲೆ ಮುಚ್ಚುವ ಮುನ್ನ ಅತ್ತೆ ಒಂದು ಚೂರು ರೊಟ್ಟಿ, ಒಂದು ಚಿಟಿಕೆ ಸಕ್ಕರೆ ಒಳಗಿಟ್ಟು ಹೊಲಿದರು. ಕೌದಿಯ ಹೊಟ್ಟೆ ಖಾಲಿ ಇರಬಾರದು, ಅದನ್ನು ಹೊದೆಯುವವರು ಹಸಿಯಬಾರದು ಎಂಬ ನಂಬಿಕೆ. ದಾರ ಕಡಿದು ಸ್ವಲ್ಪ ಹೊತ್ತಿಗೆ ಫೋನ್ ಬಂತು. ಹೆಣ್ಣು ಕೂಸು, ತಾಯಿ ಮಗು ಇಬ್ಬರೂ ಆರಾಮ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಯಜಮಾನರು ಕೌದಿಯನ್ನು ಚೀಲದಲ್ಲಿಟ್ಟು ಬೈಕ್ ಹತ್ತಿದರು. ಅಂಗಡಿಯ ಬ್ಲ್ಯಾಂಕೆಟ್ ಮಾತು ಯಾರೂ ಎತ್ತಲಿಲ್ಲ. ಅಂದು ಸಂಜೆ ನಮ್ಮ ಮನೆಯ ದೀಪ ಓಣಿಯಲ್ಲಿ ಎಲ್ಲರಿಗಿಂತ ಮೊದಲು ಹತ್ತಿತು.

ಈ ಸಲದ ಬಿಲ್ ಬಂದಿದೆ. ಅತ್ತೆ ಮಂತ್ರಿಯಾಗಿದ್ದ ಕಾಲಕ್ಕಿಂತ ತುಸು ಹೆಚ್ಚು, ಹಳೆಯ ಕಾಲಕ್ಕಿಂತ ಕಡಿಮೆ. ಯಜಮಾನರು ಓದಿ, ಮಡಚಿ, ಜೇಬಿನಲ್ಲಿಟ್ಟುಕೊಂಡರು. ಭಾಷಣ ಇಲ್ಲ.

ನಾನು ಹೊಸ ಮೀಟರನ್ನು ಬೈಯುತ್ತಿಲ್ಲ. ಬಿಸಿಲಿನ ಕರೆಂಟ್ ಬಳಸಿ, ಖಂಡಿತ ಉಳಿಯುತ್ತದೆ. ತಾನೇ ಓಡಿ ತಾನೇ ಆರುವ ಕೆಲಸವಿದ್ದರೆ ಆ ಹೊತ್ತಿಗೆ ಹಾಕಿ. ಮನುಷ್ಯರು ಎದ್ದು ಓಡಬೇಕಾದ ಕೆಲಸವಿದ್ದರೆ ಮಾತ್ರ ಒಂದು ಗಳಿಗೆ ನಿಲ್ಲಿ. ನೀವು ಆಫೀಸಿನಲ್ಲಿ, ನಾನು ಶಾಲೆಯಲ್ಲಿ. ನಮ್ಮ ಹಗಲನ್ನು ಯಾರೂ ಕೇಳುವುದಿಲ್ಲ, ಏಕೆಂದರೆ ಅದಕ್ಕೆ ಸಂಬಳ ಇದೆ. ಮನೆಯಲ್ಲಿ ಇರುವವರ ಹಗಲನ್ನು ಮಾತ್ರ ಕೇಳದೆಯೇ ತೆಗೆದುಕೊಳ್ಳುತ್ತೇವೆ, ಅವರು ಸುಮ್ಮನೆ ಕೂತಿದ್ದಾರೆ ಎಂದುಕೊಂಡು.

ಅಂದಹಾಗೆ, ನಿಮ್ಮ ಮನೆಯಲ್ಲಿ ಮಧ್ಯಾಹ್ನ ಸ್ವಿಚ್ ಒತ್ತುವವರು ಯಾರು?